ತೆರಿಗೆ ಇಳಿಸಿದ ಖುಷಿ

ತೆರಿಗೆ ಇಳಿಸ್ತೀವಿ ಅಂತ ಯಾರಾದರೂ ಭಾಷಣ ಬಿಗಿದರೆ ನನಗೆ ಶ್ರೀಲಂಕಾ ನೆನಪಾಗುತ್ತದೆ. 2019ರ ಕೊನೆಯಲ್ಲಿ ಅಧ್ಯಕ್ಷ ಗೊಟಬಯ ರಾಜಪಕ್ಸ ಅವರ ಸರ್ಕಾರ ವ್ಯಾಟನ್ನು (ಸಾಮಾನು, ಸೇವೆ ಕೊಳ್ಳುವಾಗ ಬೆಲೆಯ ಜೊತೆ ಕಟ್ಟುವ ತೆರಿಗೆ) ಶೇ 15ರಿಂದ 8ಕ್ಕೆ ಇಳಿಸಿತು. ಜನಕ್ಕೂ ಖುಷಿ, ವ್ಯಾಪಾರಿಗಳಿಗೂ ಖುಷಿ. ಸರ್ಕಾರದ ಖರ್ಚು ಮಾತ್ರ ಇಳಿಯಲಿಲ್ಲ, ಸಾಲವಂತೂ ಮೊದಲೇ ಕುತ್ತಿಗೆವರೆಗೆ ಇತ್ತು. ಅಷ್ಟರಲ್ಲಿ ಕೊರೊನಾ ಬಂತು, ಪ್ರವಾಸಿಗರು ಬರೋದು ನಿಂತಿತು, ಅವರು ತರುತ್ತಿದ್ದ ಡಾಲರೂ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ದಿಢೀರ್ ನಿಲ್ಲಿಸಿದ್ದು ಬೇರೆ. ಭತ್ತ, ಟೀ ಎರಡಕ್ಕೂ ಏಟು ಬಿತ್ತು. (ಸಾವಯವ ಒಳ್ಳೇದೇ, ಆದ್ರೆ ರಾತ್ರೋರಾತ್ರಿ ಆಗುತ್ತಾ ಮಾರಾಯ್ರೆ?)

2022ರ ಮಾರ್ಚ್‌ನಲ್ಲಿ ಕೊಲಂಬೊ ಇರುವ ಪಶ್ಚಿಮ ಪ್ರಾಂತ್ಯದಲ್ಲಿ ಶಾಲಾ ಪರೀಕ್ಷೆಗಳನ್ನೇ ಮುಂದೂಡಿದರು. ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದ ಇರಲಿಲ್ಲ. ಹೊರದೇಶದಿಂದ ಕಾಗದ ತರಿಸಲು ಡಾಲರ್ ಇರಲಿಲ್ಲ. ಬಜೆಟ್ ಕೊರತೆ ಅಂತ ಪೇಪರಲ್ಲಿ ಓದಿ ಸುಮ್ನೆ ಪುಟ ತಿರುಗಿಸ್ತೀವಲ್ಲ, ಅದು ಶಾಲೆಯ ಹುಡುಗಿಯ ಡೆಸ್ಕಿಗೆ ಬರೋದು ಹೀಗೆ. ಏಪ್ರಿಲ್‌ನಲ್ಲಿ ವಿದೇಶಿ ಸಾಲ ಸದ್ಯಕ್ಕೆ ಕಟ್ಟಲ್ಲ ಅಂತ ಕೈ ಎತ್ತಿದರು.

ಆಮೇಲೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲ, ಅದರ ಷರತ್ತು. 2024ರ ಜನವರಿಯಿಂದ ವ್ಯಾಟ್ ಶೇ 18. ಮುಂಚೆ ವಿನಾಯಿತಿ ಇದ್ದ ಪೆಟ್ರೋಲ್, ಅಡುಗೆ ಗ್ಯಾಸಿಗೂ ಅದು ಬಿತ್ತು. ಇಳಿಸಿದಾಗ ಜಾಸ್ತಿ ಉಳಿತಾಯ ಆಗಿದ್ದು ದುಡ್ಡಿದ್ದವರಿಗೆ. ಏರಿಸಿದಾಗ ಜಾಸ್ತಿ ಉರಿ ಯಾರ ಅಡುಗೆಮನೆಗೆ ತಗಲಿತು, ನೀವೇ ಹೇಳಿ.