ಸಸ್ತಾ ಪೆಲೆಟ್ ಹತ್ತು ಡಬ್ಬಿ ಒಮ್ಮೆಲೇ ತಗೊಂಡ್ರ ಲಾಭ ಐತೇನು?

ನಮ್ಮ ಗಡಹಿಂಗ್ಲಜ ಕಡೆ ಯಾರ ಮನ್ಯಾಗರ ಹೊಸಾ ಏರ್ ರೈಫಲ್ ಬಂತಂದ್ರ ಸ್ವಲ್ಪ ದಿನದಾಗ ಅವರು ಕೇಳೋ ಪ್ರಶ್ನಿ ಇದ. ಲೋಕಲ್ ಪೆಲೆಟ್ (ಏರ್ ಗನ್ನಿನ್ಯಾಗ ಹಾಕಿ ಹೊಡ್ಯೋ ಸಣ್ಣ ಸೀಸದ ತುಣುಕು) ಹತ್ತು ಡಬ್ಬಿ ಆನ್‌ಲೈನ್‌ನ್ಯಾಗ ಒಮ್ಮೆಲೇ ತರಿಸಿದ್ರ ಭಾಳ ಸಸ್ತಾ ಬೀಳ್ತಾವ, ಜರ್ಮನಿ ಮಾಲು ಒಂದ ಡಬ್ಬಿ ತಗೊಳ್ಳೋ ರೊಕ್ಕದಾಗ ಇವು ಮೂರೋ ನಾಕೋ ಬರ್ತಾವ, ತರಿಸೋಣೇನು ಅಂತ. ನನ್ನ ಉತ್ತರ ಮೊದಲ ಹೇಳಿಬಿಡ್ತೀನಿ. ಖಾಲಿ ಡಬ್ಬಾ ಉರುಳಿಸಿ ಖುಷಿ ಪಡಾಕ ಆದ್ರ ತಗೋರಿ, ಆದ್ರ ಒಂದೊಂದ ಡಬ್ಬಿ ತಗೋರಿ. ಗುರಿ ಕಲೀಬೇಕು ಅನ್ನೋದಿದ್ರ, ಅದರಾಗೂ ಮನ್ಯಾಗಿನ ಹುಡುಗ್ರು ಕಲಿಯಾಕ ಹತ್ತಿದ್ರ, ಸಸ್ತಾ ಮಾಲು ಬ್ಯಾಡ.

ನಾನು ಮಾತಾಡೋದು .177 ಇಂಚು ಅಂದ್ರ 4.5 ಎಂಎಂ ಪೆಲೆಟ್ ಬಗ್ಗೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರ್ (ನಳಿಗಿ ಒಳಗಿನ ಅಗಲ) .177 ದಾಟದ, 20 ಜೂಲ್ ಶಕ್ತಿ ದಾಟದ ಏರ್ ಗನ್ನಿಗೆ ಲೈಸೆನ್ಸ್ ಬೇಕಾಗಿಲ್ಲ, ಹಿಂಗಾಗಿ ನಮ್ಮಂಥಾ ಮಂದಿಗೆ ಶೂಟಿಂಗ್ ಅಂದ್ರ ಇದ. ಅಮೆರಿಕಾದಾಗ .22 ಗುಂಡಿನ (ಮದ್ದು ತುಂಬಿದ ಖರೇ ಬಂದೂಕಿನ ಗುಂಡು) 500ರ ಬಾಕ್ಸ್ ಅಂಗಡಿಯಿಂದ ಎತ್ಕೊಂಡು ಬರ್ತಾರ, ಅಲ್ಲಿಯವರಿಗೆ ಈ ಸಸ್ತಾ ತುಟ್ಟಿ ಲೆಕ್ಕ ಗುಂಡಿನ ಮ್ಯಾಲ ನಡೀತದ. ನಮ್ಮಲ್ಲಿ ಗುಂಡಿಗೆ 1959ರ ಆರ್ಮ್ಸ್ ಆಕ್ಟ್ ಐತಿ, ಲೈಸೆನ್ಸ್ ಐತಿ, ಕೋಟಾ ಐತಿ. ಪೆಲೆಟ್ಟಿಗೆ ಅದ್ಯಾವುದೂ ಇಲ್ಲ, ರೊಕ್ಕ ಇದ್ದಷ್ಟು ತರಿಸಬಹುದು, ಅದಕ್ಕ ಈ ಪ್ರಶ್ನಿ ನಮಗ ಪೆಲೆಟ್ ಮ್ಯಾಲ ಬರ್ತದ.

ಸಸ್ತಾ ಪೆಲೆಟ್‌ನ್ಯಾಗ ಖರೇ ಏನು ಕಮ್ಮಿ ಇರ್ತದ ಅಂತ ನೋಡಬೇಕಂದ್ರ ತೂಕ ಹಾಕಿ ನೋಡ್ರಿ. ನಮ್ಮ ಪರಿಚಯದವರೊಬ್ಬರು ಹುಪರಿಯೊಳಗ ಬೆಳ್ಳಿ ಕೆಲಸ ಮಾಡ್ತಾರ, ಅವರ ತಕ್ಕಡಿ ಮಿಲಿಗ್ರಾಂ ಲೆಕ್ಕ ತೋರಿಸ್ತದ. ಒಂದು ಮ್ಯಾಚ್ ಡಬ್ಬಿ (ಸ್ಪರ್ಧೆಗೆ ಅಂತ ಮಾಡಿದ್ದು), ಒಂದು ಸಸ್ತಾ ಡಬ್ಬಿ ಒಯ್ದು ಎರಡರಾಗಿಂದೂ ಒಂದೊಂದು ಹಿಡಿ ತೂಗಿದ್ವಿ. ಮ್ಯಾಚ್ ಪೆಲೆಟ್ ಅರ್ಧ ಗ್ರಾಂ ಮ್ಯಾಲ ಸ್ವಲ್ಪ, 0.53 ಗ್ರಾಂ ಹತ್ರ ಇರ್ತದ, ಒಂದರಿಂದ ಇನ್ನೊಂದಕ್ಕ ಕೊನೀ ಅಂಕಿ ಅಷ್ಟ ಅಲ್ಲಾಡ್ತಿತ್ತು. ಸಸ್ತಾದು ತೂಗಿದ್ರ ಒಂದು ಹಗರು, ಒಂದು ಭಾರ, ಕೆಲವಕ್ಕ ಎರಕದ ಗೆರಿ ಎದ್ದು ಕಾಣ್ತಿತ್ತು, ಹಿಂದಿನ ಅಂಚು, ಸ್ಕರ್ಟ್ ಅಂತಾರಲ್ಲ, ಅದು ಡೊಂಕಾಗಿ ಕೂತಿತ್ತು. ಅಕ್ಕಸಾಲಿ ಅಣ್ಣಾ ಕೈಯಾಗ ಹಿಡಿದು ನೋಡಿ, "ಇದನ್ನ ನಾ ಗಿರಾಕಿಗೆ ಕೊಡಂಗಿಲ್ರೀ" ಅಂದ.

ಆ ಸ್ಕರ್ಟ್ ಯಾಕ ಮುಖ್ಯ ಅಂದ್ರ, ಟ್ರಿಗರ್ ಒತ್ತಿದ ಕೂಡಲೇ ಹಿಂದಿನಿಂದ ಬರೋ ಗಾಳಿ ಅದನ್ನ ಅಗಲ ಮಾಡಿ ಬ್ಯಾರಲ್ ಗೋಡಿಗೆ ಒತ್ತಿ ಹಿಡೀಬೇಕು, ಆವಾಗ ಪೆಲೆಟ್ ಗಾಳಿ ಸೋರದಂಗ ತಿರುಗ್ತಾ ಹೊರಗ ಬರ್ತದ. ಸ್ಕರ್ಟ್ ಡೊಂಕಿದ್ರ ಗಾಳಿ ಒಂದ ಬದಿಯಿಂದ ಸೋರ್ತದ, ಸ್ಪೀಡ್ ಒಂದೊಂದು ಸಲ ಒಂದೊಂದು, ಪೆಲೆಟ್ ಓಲಾಡ್ತಾ ಹೋಗ್ತದ. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿರಂಗಿಲ್ಲ. ನಮ್ಮ ಮನೀಗಳಾಗ ಇರೋದು ಬಹುತೇಕ ಸ್ಪ್ರಿಂಗ್ ಪಿಸ್ಟನ್ ಗನ್, ಬ್ಯಾರಲ್ ಕೆಳಗ ಬಗ್ಗಿಸಿ ಸ್ಪ್ರಿಂಗ್ ಬಿಗಿ ಮಾಡೋವು. ಅದರಾಗ ಪಿಸ್ಟನ್ ಮುಂದ ಬಂದು ಬಡಿಯೋವಾಗ ಪೆಲೆಟ್ ತಡೀ ಹಿಡಿದ ಗಾಳೀನ ಅದಕ್ಕ ಮೆತ್ತಗಿನ ದಿಂಬು. ಪೆಲೆಟ್ ಸಡಲ ಇತ್ತಂದ್ರ, ಭಾಳ ಹಗರು ಇತ್ತಂದ್ರ, ಗಾಳಿ ಮೊದಲ ಸರಿದು ಹೋಗ್ತದ, ಪಿಸ್ಟನ್ ನೇರ ಲೋಹಕ್ಕ ಬಡೀತದ, ಖಾಲಿ ಫೈರ್ ಮಾಡಿದಂಗ. ಸೀಲ್ ಹೋಗ್ತದ, ಸ್ಪ್ರಿಂಗ್ ಹೋಗ್ತದ. ಡಬ್ಬಿಯೊಳಗ ಉಳಿಸಿದ ರೊಕ್ಕ ರಿಪೇರಿಗೆ ಹೋಗ್ತದ.

ಇದೆಲ್ಲಾ ಒಂದು ಕಡೆ ಇರಲಿ, ನನಗ ಸಂಕಟ ಆಗೋದು ಬ್ಯಾರೇ ಕಾರಣಕ್ಕ. ನಮ್ಮ ಅಣ್ಣನ ಮಗಳು ಕೊಲ್ಲಾಪುರದಾಗ ಕಾಲೇಜಿಗೆ ಹೋಗ್ತಾಳ, ಅಲ್ಲೇ ರೇಂಜಿನ್ಯಾಗ 10 ಮೀಟರ್ ರೈಫಲ್ ಕಲಿಯಾಕ ಹತ್ಯಾಳ. ಕೊಲ್ಲಾಪುರ ಅಂದ್ರ ಸುಮ್ನ ಅಲ್ಲ, ತೇಜಸ್ವಿನಿ ಸಾವಂತ್ 2010ರಾಗ ಮ್ಯೂನಿಕ್‌ನ್ಯಾಗ ವರ್ಲ್ಡ್ ಚಾಂಪಿಯನ್ ಆದಾಕಿ ಇಲ್ಲಿಯಾಕಿ, ರಾಹಿ ಸರ್ನೋಬತ್ 2018ರ ಏಷ್ಯನ್ ಗೇಮ್ಸ್‌ನ್ಯಾಗ ಬಂಗಾರ ತಂದಾಕಿ ಇಲ್ಲಿಯಾಕಿ, 2024ರಾಗ ಪ್ಯಾರಿಸ್‌ನ್ಯಾಗ 50 ಮೀಟರ್ ತ್ರೀ ಪೊಸಿಷನ್‌ಗೆ ಕಂಚು ತಂದ ಸ್ವಪ್ನಿಲ್ ಕುಸಾಳೆ ರಾಧಾನಗರಿ ತಾಲೂಕಿನ ಹಳ್ಳಿ ಹುಡುಗ. ಹುಡುಗ್ರು ಅವರನ್ನ ನೋಡಿ ಬೆಳೀತಾರ. ಅಂಥಾ ಊರಾಗ ಕಲಿಯೋ ಹುಡುಗಿಗೆ ಕೋಚ್ ಸರ್ ಮೊದಲ ಕಲಿಸೋದು ಶಾಟ್ ಕಾಲ್ ಮಾಡೋದು, ಅಂದ್ರ ಟಾರ್ಗೆಟ್ ನೋಡೋಕಿಂತ ಮೊದಲ, ಇದು ಎಡಕ್ಕ ಹೋತು, ಇದು ಕೆಳಗ ಹೋತು ಅಂತ ತಾನ ಹೇಳಬೇಕು, ಆಮ್ಯಾಲ ತೂತು ನೋಡಬೇಕು. ಎರಡೂ ಕೂಡಿ ಬಂದ್ರ ಕೈ ಕಣ್ಣು ಉಸಿರು ಪಳಗಾಕ ಹತ್ಯಾವ ಅಂತ ಅರ್ಥ. ದೀಪಾವಳಿ ಸೂಟಿಗೆ ಊರಿಗೆ ಬಂದಾಗ ಹಿತ್ತಲಾಗ ಯಾರೋ ಕೊಟ್ಟ ಸಸ್ತಾ ಪೆಲೆಟ್ ಹಾಕಿ ಹೊಡ್ಯಾಕ ಹತ್ತಿದ್ಲು, ಒಂದು ಕಾಲ್ ಮಾಡಿದ್ದೂ ಕೂಡಿ ಬರವಲ್ದು. "ಕಾಕಾ, ಇದು ನನ್ನ ತಪ್ಪೋ ಪೆಲೆಟ್‌ದೋ?" ಅಂದ್ಲು, ಮುಖ ಸಣ್ಣದಾಗಿತ್ತು. ಉತ್ತರ ಯಾರು ಕೊಡಬೇಕು? 10 ಮೀಟರ್ ರೈಫಲ್ ಟಾರ್ಗೆಟ್‌ನ ಹತ್ತು ಅಂಕದ ಚುಕ್ಕಿ 0.5 ಎಂಎಂ ಅಷ್ಟ ಇರ್ತದ, ಪೆನ್ನಿಲೇ ಇಟ್ಟ ಚುಕ್ಕಿಯಷ್ಟು, ಅಲ್ಲಿ ಪೆಲೆಟ್ ತನ್ನಷ್ಟಕ್ಕ ತಾನ ಒಂದು ಬೆರಳು ಆಕಡೆ ಈಕಡೆ ಹೋದ್ರ ಆ ಹುಡುಗಿ ಏನು ತಿದ್ದಿಕೋಬೇಕು? ತಪ್ಪಿಲ್ಲದ ಕೈ ತಿದ್ದಾಕ ಹೋಗಿ ಬಂದದ್ದನ್ನೂ ಕೆಡಿಸ್ಕೋತಾಳ. ಕಲಿಯೋ ಹುಡುಗ್ರ ಕೈಯಾಗ ಸಸ್ತಾ ಪೆಲೆಟ್ ಕೊಡಬ್ಯಾಡ್ರಿ ಅಂತ ನಾ ಎಲ್ಲಾರ ಮುಂದೂ ಬಡಕೊಳ್ಳೋದು ಇದಕ್ಕ.

ರೊಕ್ಕದ ಮಾತು. ಈಗಿನ ನಿಯಮದಾಗ 10 ಮೀಟರ್ ಕ್ವಾಲಿಫಿಕೇಶನ್ ಅಂದ್ರ 60 ಶಾಟ್, 75 ನಿಮಿಷ. 500ರ ಒಂದು ಡಬ್ಬಿಯೊಳಗ ಅಂಥಾವು ಎಂಟು ಮ್ಯಾಚ್ ಮುಗೀತಾವ. ಹಿತ್ತಲಾಗ ಸಂಜೀಕ ಹೊಡ್ಯಾವರು 60 ಶಾಟೂ ಹೊಡ್ಯಂಗಿಲ್ಲ, ಇಪ್ಪತ್ತು ಮೂವತ್ತಕ್ಕ ಕೈ ಸೋಲ್ತದ. ಹಂಗಿದ್ದಾಗ ತುಟ್ಟಿ ಡಬ್ಬಿಗೂ ಸಸ್ತಾ ಡಬ್ಬಿಗೂ ಇರೋ ಫರಕ್ ದಿನಾ ಲೆಕ್ಕಕ್ಕ ಹಚ್ಚಿದ್ರ ನಿಪ್ಪಾಣಿಗೆ ಗಾಡಿ ಮ್ಯಾಲ ಹೋಗಿ ಬರೋ ಪೆಟ್ರೋಲ್‌ಗಿಂತ ಕಮ್ಮಿ ಬೀಳ್ತದ. ಇನ್ನ ಭಾಳ ಪ್ರಾಕ್ಟೀಸ್ ಬೇಕಂದ್ರ ಪೆಲೆಟ್ ಇಲ್ಲದ ಪ್ರಾಕ್ಟೀಸ್ ಐತಲ್ಲ, ಮ್ಯಾಚ್ ರೈಫಲ್ಲಿಗೆ ಡ್ರೈ ಫೈರ್ ವ್ಯವಸ್ಥಾ ಇರ್ತದ, ಗ್ವಾಡಿ ಮುಂದ ನಿಂತು ಟ್ರಿಗರ್ ಒತ್ತೋದು, ದೊಡ್ಡ ಶೂಟರ್‌ಗಳೂ ಅದನ್ನ ಮಾಡ್ತಾರ, ಪೈಸಾ ಖರ್ಚಿಲ್ಲ. ಸ್ಪ್ರಿಂಗ್ ಗನ್ನಿಗೆ ಮಾತ್ರ ಇದು ನಡ್ಯಂಗಿಲ್ಲ, ಮ್ಯಾಲ ಹೇಳಿದ ಕಾರಣಕ್ಕ.

ಹಂಗಂತ ತುಟ್ಟಿದು ತಗೊಂಡ್ರ ಸಾಕು ಅಂತಲ್ಲ. ಡಬ್ಬಿ ಮ್ಯಾಲ 4.49, 4.50 ಅಂತ ತಲೀ ಅಳತಿ ಬರ್ದಿರ್ತದ, ಲಾಟ್ ನಂಬರ್ (ಒಮ್ಮೆಲೇ ತಯಾರಾದ ಮಾಲಿನ ಗುರುತು) ಇರ್ತದ, ನಿಮ್ಮ ಬ್ಯಾರಲ್ಲಿಗೆ ಯಾವುದು ಹಿಡಿಸ್ತದ ಅಂತ ಹೊಡದ ನೋಡಬೇಕು. .22 ಶೂಟರ್‌ಗಳು ಇದರ ಸಲುವಾಗಿ ಯುರೋಪಿನ ಫ್ಯಾಕ್ಟರಿಗೇ ರೈಫಲ್ ಒಯ್ದು, ಅದನ್ನ ಕ್ಲ್ಯಾಂಪಿನ್ಯಾಗ ಕೂಡಿಸಿ, ಲಾಟ್ ಮ್ಯಾಲ ಲಾಟ್ ಹೊಡದು ನೋಡಿ ಆಮ್ಯಾಲ ಗುಂಡು ತಗೋತಾರ. ನಾವು ಉಸಕಿನ ಚೀಲದ ಮ್ಯಾಲ ಕೈ ಇಟ್ಟು, ಕೈ ಮ್ಯಾಲ ಗನ್ ಇಟ್ಟು (ಸ್ಪ್ರಿಂಗ್ ಗನ್ ಬಿಗಿ ಹಿಡೀಬಾರ್ದು, ಅದಕ್ಕ ಅಲ್ಲಾಡಾಕ ಜಾಗಾ ಬೇಕು), ಐದೈದು ಶಾಟಿನ ಗುಂಪು ನಾಕೈದು ಹೊಡದ್ರ ಗೊತ್ತಾಗ್ತದ. ಪೆಲೆಟ್ ಬದಲಿ ಮಾಡಿದ ಮ್ಯಾಲ ಮೊದಲ ಕೆಲವು ಶಾಟ್ ಲೆಕ್ಕಕ್ಕ ಹಿಡೀಬ್ಯಾಡ್ರಿ, ಬ್ಯಾರಲ್ ಹೊಸಾ ಸೀಸಕ್ಕ ಹೊಂದ್ಕೋಬೇಕು. ಲೋಕಲ್ ಮಾಲಿನ್ಯಾಗೂ ಚಪ್ಪಟಿ ತಲೀವು ಒಮ್ಮೊಮ್ಮೆ ಛಲೋ ಕೂಡ್ತಾವ, ಅದು ಖರೇ. ಆದ್ರ ಈ ಸಲ ಬಂದಂಗ ಮುಂದಿನ ಲಾಟ್ ಬರ್ತದ ಅನ್ನೋ ಗ್ಯಾರಂಟಿ ಇಲ್ಲ, ಹತ್ತು ಡಬ್ಬಿ ಕಣ್ಣು ಮುಚ್ಚಿ ತರಿಸಬ್ಯಾಡ್ರಿ ಅನ್ನೋದು ಅದಕ್ಕ.

ಸ್ಟೀಲ್ ಬಿಬಿ (ಉಕ್ಕಿನ ಸಣ್ಣ ದುಂಡನ ಗೋಲಿ) ಸಸ್ತಾ ಅಂತ ರೈಫ್ಲಿಂಗ್ ಇದ್ದ ಬ್ಯಾರಲ್ಲಿಗೆ ಹಾಕಾಕ ಹೋಗಬ್ಯಾಡ್ರಿ, ಒಳಗಿನ ಗೆರಿ ಸವೀತಾವ, ಗಟ್ಟಿ ಜಾಗಕ್ಕ ಬಡದು ವಾಪಸ್ ಕಣ್ಣಿಗೆ ಬರ್ತಾವ. ಸೀಸದ್ದೂ ವಾಪಸ್ ಬರ್ತದ, ಕನ್ನಡಕ ಬೇಕ ಬೇಕು. ಹಿಂದ ಹಳೇ ಬಟ್ಟಿ ತುರುಕಿದ ಪೆಟ್ಟಿಗಿ ಇಡ್ರಿ, ಅದರ ಹಿಂದ ಗ್ವಾಡಿ ಇರಲಿ. ಕಬ್ಬಿನ ಹೊಲದ ಕಡೆ ಮುಖ ಮಾಡಿ ಹೊಡೀಲೇಬಾರ್ದು, ಪೆಲೆಟ್ ನೂರಾರು ಮೀಟರ್ ಹೋಗ್ತದ, ಕಬ್ಬಿನೊಳಗ ಯಾರು ಕೆಲಸ ಮಾಡಾಕ ಹತ್ಯಾರ ಕಾಣಂಗಿಲ್ಲ. ಹಕ್ಕಿ ಹೊಡ್ಯಾಕ ಪೆಲೆಟ್ ತಗೋತೀನಿ ಅನ್ನಾವರು ಮೊದಲ 1972ರ ವನ್ಯಜೀವಿ ಕಾಯ್ದೆ ಓದ್ರಿ, ಅದು ಆಟ ಅಲ್ಲ, ಗುನ್ನೆ.

ಸೀಸ ವಿಷ ಅನ್ನೋದೂ ನೆನಪಿರಲಿ. ಹುಡುಗ್ರು ಪೆಲೆಟ್ ಬಾಯಾಗ ಇಟ್ಕೊಂಡು ಒಂದೊಂದ ತಗದು ಹಾಕ್ತಾರ, ನೋಡಿದ್ರ ಎದಿ ಝಲ್ ಅಂತದ. ಹೊಡದ ಮ್ಯಾಲ ಸಾಬೂನು ಹಚ್ಚಿ ಕೈ ತೊಳದ ಚಹಾ ಮುಟ್ಟಬೇಕು.

ಟೆಸ್ಟ್ ಮಾಡಿ ಹೊಂದಿದ ಲಾಟ್ ಸಿಕ್ತಂದ್ರ ಅದ ಲಾಟಿನ್ಯಾಗ ಒಂದು ವರ್ಷಕ್ಕ ಸಾಲೋವಷ್ಟು ತಗೋರಿ, ಅದಕ್ಕಿಂತ ಹೆಚ್ಚಿಗಿ ಬ್ಯಾಡ. ನಮ್ಮ ಕಡೆ ಮಳಿಗಾಲದ ಥಂಡಿಗೆ ಸೀಸದ ಮ್ಯಾಲ ಬಿಳಿ ಪುಡಿ ಏಳ್ತದ, ಡಬ್ಬಿ ಮುಚ್ಚಳಕ್ಕ ಟೇಪ್ ಸುತ್ತಿ ಒಣಾ ಕಪಾಟಿನ್ಯಾಗ ಇಡಬೇಕು, ಒಳಗಿನ ಸ್ಪಂಜು ಒಗೀಬಾರ್ದು, ಡಬ್ಬಿ ಕೈಯಿಂದ ಬಿದ್ರ ಸ್ಕರ್ಟ್ ಡೊಂಕಾಗ್ತಾವ. ಬಿಳಿ ಪುಡಿ ಹಿಡಿದ ಪೆಲೆಟ್ ಬ್ಯಾರಲ್ಲಿಗೆ ಹಾಕಬ್ಯಾಡ್ರಿ, ಬೆರಳಿಲೇ ಒರಸಾಕನೂ ಹೋಗಬ್ಯಾಡ್ರಿ, ಡಬ್ಬಿ ಸಮೇತ ಹುಡುಗ್ರ ಕೈಗೆ ಸಿಗದಂಗ ಬದಿಗಿಟ್ಟು ಬ್ಯಾರೇದು ತೆಗೀರಿ.