ಗೋದಾಮಿನಲ್ಲಿ ಮೊದಲು ಕಾಲಿನ ಲೆಕ್ಕ ಹಿಡಿಯಿರಿ

ಪಿಕ್ ಲಿಸ್ಟ್, ಅಂದರೆ ಆರ್ಡರ್‌ಗೆ ರ್ಯಾಕ್‌ನಿಂದ ತೆಗೆಯಬೇಕಾದ ಮಾಲಿನ ಪಟ್ಟಿ ಹಿಡಿದು ಹೊರಟ ಹುಡುಗನ ಹಿಂದೆ ಒಂದು ದಿನ ಪೂರ್ತಿ ನಡೆದೆ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿಯಲಿಲ್ಲ. ಹಿಡಿದರೆ ಅವನು ಓಡುತ್ತಾನೆ, ಆಗ ನಿಜ ಗೊತ್ತಾಗಲ್ಲ. ಒಂದು ಹಾಳೆಯಲ್ಲಿ ಗೋದಾಮಿನ ನಕ್ಷೆ ಬರೆದುಕೊಂಡು, ಅವನು ಹೋದ ದಾರಿಗೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ಪ್ಯಾಕಿಂಗ್ ಟೇಬಲ್‌ನಿಂದ ಹಿಂದಿನ ಗೋಡೆಯವರೆಗಿನ ದಾರಿ ಗೆರೆ ಮೇಲೆ ಗೆರೆ ಬಿದ್ದು ಕಪ್ಪಗಾಗಿತ್ತು. ಎಲ್ಲಕ್ಕಿಂತ ಜಾಸ್ತಿ ಹೋಗುವ ಮಾಲು ಇದ್ದದ್ದು ಅಲ್ಲೇ, ಕೊನೆಯ ರ್ಯಾಕ್‌ನಲ್ಲಿ. ಯಾಕೆ ಅಲ್ಲಿ ಅಂತ ಕೇಳಿದರೆ, ಆ ಮಾಲು ಮೊದಲ ಸಲ ಬಂದ ದಿನ ಅಲ್ಲಿ ಜಾಗ ಖಾಲಿ ಇತ್ತಂತೆ. ಬಾಗಿಲ ಪಕ್ಕದ ಒಳ್ಳೆ ರ್ಯಾಕ್‌ನಲ್ಲಿ ವರ್ಷಕ್ಕೆ ಎರಡು ಸಲ ಹೋಗುವ ಮಾಲು ಧೂಳು ಹಿಡಿದು ಕೂತಿತ್ತು.

ಕೆಲಸ ನಿಧಾನ ಆಗುತ್ತಿದೆ ಅಂದ ಕೂಡಲೇ ನಮ್ಮ ಕಣ್ಣು ಮೊದಲು ಹೋಗುವುದು ಜನರ ಮೇಲೆ. ಬೇಗ ಬೇಗ ಮಾಡ್ರಪ್ಪಾ ಅಂತ ನಾನೂ ತುಂಬಾ ದಿನ ಕೂಗಿದ್ದೇನೆ. ಅದು ತಪ್ಪು. ಗೋದಾಮು ನಡೆಸುವ ಖರ್ಚಿನಲ್ಲಿ ಸುಮಾರು ಅರ್ಧ ಪಿಕಿಂಗ್‌ಗೇ, ಅಂದರೆ ಹೀಗೆ ಮಾಲು ತೆಗೆದು ತರುವುದಕ್ಕೇ ಹೋಗುತ್ತದೆ ಅಂತ ಈ ವಿಷಯ ಕಲಿಸುವವರು ಹೇಳುತ್ತಾರೆ, ಆ ಪಿಕಿಂಗ್ ಸಮಯದಲ್ಲಿ ಮತ್ತೆ ಸುಮಾರು ಅರ್ಧ ಬರೀ ನಡಿಗೆ. ಹುಡುಗರನ್ನು ಓಡಿಸಿದರೆ ತಪ್ಪು ಮಾಲು ಪ್ಯಾಕ್ ಆಗುತ್ತದೆ, ಅದು ವಾಪಸ್ ಬರುತ್ತದೆ, ಅದನ್ನು ಮತ್ತೆ ಎಣಿಸಿ ಒಳಗಿಡಲು ಇನ್ನೊಬ್ಬ ಬೇಕು.

ಹಾಗಾಗಿ ನಾವು ಮೊದಲು ಮಾಡಿದ ಕೆಲಸ, ಮಾಲಿನ ಜಾಗ ಬದಲಿಸಿದ್ದು. ಮಾಲನ್ನು ಮುಖ್ಯವಾದದ್ದು ಎ, ನಡುವಿನದ್ದು ಬಿ, ಉಳಿದದ್ದು ಸಿ ಅಂತ ವಿಂಗಡಿಸುವ ಎಬಿಸಿ ಲೆಕ್ಕ ಈ ಕೆಲಸದಲ್ಲಿ ಇರುವ ಎಲ್ಲರಿಗೂ ಗೊತ್ತಿರುತ್ತದೆ, ಸ್ವಲ್ಪ ಮಾಲಿನಿಂದಲೇ ಬಹುಪಾಲು ವ್ಯವಹಾರ ಅನ್ನುವ, ಇಟಲಿಯ ಅರ್ಥಶಾಸ್ತ್ರಜ್ಞ ಪರೆಟೊ ಹೆಸರಲ್ಲಿ ಹೇಳುವ 80-20ರ ಲೆಕ್ಕವೇ ಅದರ ಬುಡ. ಆದರೆ ಅಕೌಂಟ್ಸ್‌ನವರ ಎಬಿಸಿ ಇಲ್ಲಿ ಕೆಲಸಕ್ಕೆ ಬರಲ್ಲ, ಇದನ್ನು ಗಟ್ಟಿಯಾಗಿ ಹೇಳಬೇಕು. ಅವರು ನೋಡುವುದು ಬೆಲೆ. ತಿಂಗಳಿಗೊಮ್ಮೆ ಹೋಗುವ ದುಬಾರಿ ಮೋಟಾರ್ ಅವರಿಗೆ ಎ, ಪ್ರತಿ ಆರ್ಡರ್‌ನಲ್ಲೂ ಇರುವ ಸ್ಕ್ರೂ ಪ್ಯಾಕೆಟ್ ಸಿ. ಕಾಲಿನ ಲೆಕ್ಕದಲ್ಲಿ ಇದು ಪೂರ್ತಿ ಉಲ್ಟಾ! ಬೆಲೆಯನ್ನೂ ಮರೆತು, ಎಷ್ಟು ಪೀಸ್ ಹೋಯಿತು ಅನ್ನುವುದನ್ನೂ ಮರೆತು, ಆ ರ್ಯಾಕ್ ಹತ್ತಿರ ಎಷ್ಟು ಸಲ ಹೋಗಬೇಕಾಯಿತು ಅಂತ ಮಾತ್ರ ಎಣಿಸಿ. ಹಾಗೆ ಎಣಿಸಿದಾಗ ಮೇಲೆ ಬಂದ ಮಾಲನ್ನೆಲ್ಲ ಪ್ಯಾಕಿಂಗ್ ಟೇಬಲ್ ಹತ್ತಿರ ತಂದೆವು. ಅದರಲ್ಲೂ ಸೊಂಟಕ್ಕೂ ಭುಜಕ್ಕೂ ನಡುವಿನ ಎತ್ತರದಲ್ಲಿ, ಬಗ್ಗಬೇಕಿಲ್ಲ, ಏಣಿ ಬೇಕಿಲ್ಲ. ಭಾರದ ಡಬ್ಬಗಳು ಯಾವತ್ತೂ ತಲೆಯ ಮೇಲಿನ ಎತ್ತರಕ್ಕೆ ಹೋಗಬಾರದು. ಜೊತೆಜೊತೆಗೆ ಹೋಗುವ ಮಾಲು ಅಕ್ಕಪಕ್ಕ ಇರಲಿ.

ಒಂದು ಎಡವಟ್ಟೂ ಆಯಿತು. ಓಡುವ ಮಾಲನ್ನೆಲ್ಲ ಒಂದೇ ಸಾಲಿಗೆ ತುಂಬಿದ್ದರಿಂದ ಬೆಳಿಗ್ಗೆ ಅಲ್ಲಿ ಟ್ರಾಲಿಗೆ ಟ್ರಾಲಿ ಅಡ್ಡ. ಮರುವಾರ ಅದನ್ನು ಎರಡು ಸಾಲಿಗೆ ಹಂಚಿದೆವು.

ನಡಿಗೆ ಆದಮೇಲೆ ಹುಡುಕಾಟ. ಆ ನೀಲಿ ಡಬ್ಬದ ಹಿಂದೆ ಇದೆ ನೋಡು, ಅನ್ನುವುದು ವಿಳಾಸ ಅಲ್ಲ ಅಲ್ವಾ? ಹೇಳಿದವರು ರಜೆ ಹಾಕಿದ ದಿನ ಆ ಮಾಲು ಇದ್ದೂ ಇಲ್ಲದ ಹಾಗೆ. ಸಾಲು, ರ್ಯಾಕ್, ಅಂತಸ್ತು, ಬಿನ್ (ಮಾಲು ಇಡುವ ಖಾನೆ), ಹೀಗೆ ಪ್ರತಿ ಜಾಗಕ್ಕೂ ನಂಬರ್ ಕೊಟ್ಟು ದೊಡ್ಡ ಅಕ್ಷರದ ಲೇಬಲ್ ಅಂಟಿಸಿದೆವು. 03-2-1-4 ಅಂದರೆ ನಿನ್ನೆ ಸೇರಿದವನೂ ನೆಟ್ಟಗೆ ಹೋಗಿ ನಿಲ್ಲುತ್ತಾನೆ. ಬಾರ್‌ಕೋಡ್ ಸ್ಕ್ಯಾನರ್ ಬೇಡ ಅನ್ನುವುದಿಲ್ಲ, 1974ರಲ್ಲಿ ಅಮೆರಿಕದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಚೂಯಿಂಗ್ ಗಮ್ ಪ್ಯಾಕೆಟ್‌ನಿಂದ ಶುರುವಾದ ಆ ಗೆರೆಗಳು ಎಷ್ಟೋ ತಪ್ಪು ತಪ್ಪಿಸಿವೆ. ಆದರೆ ಜಾಗಕ್ಕೇ ಹೆಸರಿಲ್ಲದ ಗೋದಾಮಿನಲ್ಲಿ ಸ್ಕ್ಯಾನರ್ ಕೊಟ್ಟರೆ ಅದು ಇದೇ ಮಾಲು ಅಂತ ಹೇಳುತ್ತದೆ, ಎಲ್ಲಿದೆ ಅಂತ ಹೇಳಲ್ಲ. ಲೇಬಲ್ ಮೊದಲು, ಯಂತ್ರ ಆಮೇಲೆ.

ಎಣಿಕೆಯನ್ನೂ ವರ್ಷಕ್ಕೊಮ್ಮೆ ಬಾಗಿಲು ಹಾಕಿ ಮಾಡುವುದು ಬಿಟ್ಟೆವು. ದಿನಾ ಬೆಳಿಗ್ಗೆ ಕೆಲವೇ ಬಿನ್. ಜಾಸ್ತಿ ಓಡುವ ಮಾಲಿಗೆ ಬೇಗ ಬೇಗ ಸರದಿ ಬರುತ್ತದೆ, ಉಳಿದದ್ದಕ್ಕೆ ಅಪರೂಪಕ್ಕೆ. ವ್ಯತ್ಯಾಸ ಬಂದರೆ ಅವತ್ತೇ ಕಾರಣ ಸಿಗುತ್ತದೆ, ಯಾಕಂದರೆ ಯಾರು ಏನು ಮಾಡಿದರು ಅನ್ನುವುದು ಇನ್ನೂ ನೆನಪಿರುತ್ತದೆ.

ಟೊಯೊಟಾ ಕಾರ್ ಕಂಪನಿಯ ಉತ್ಪಾದನಾ ಪದ್ಧತಿ ರೂಪಿಸಿದ ತಾಯಿಚಿ ಓನೊ ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಮ್ಯಾನೇಜರ್‌ಗಳನ್ನು ಅದರೊಳಗೆ ನಿಲ್ಲಿಸಿ, ನೋಡ್ತಾ ಇರಿ ಅನ್ನುತ್ತಿದ್ದರಂತೆ. ನಾನು ನಡೆದಾಡಿ ನೋಡಿದೆ, ಅಷ್ಟೇ ವ್ಯತ್ಯಾಸ. ಅವತ್ತು ಸಂಜೆ ಹಾಳೆ ಮಡಿಚುವಾಗ ಆ ಹುಡುಗ ಬಂದು, "ಸಾರ್, ಟೇಪ್ ಮುಗಿದಾಗೆಲ್ಲ ಆಫೀಸ್ ರೂಮಿಗೆ ಹೋಗ್ಬೇಕು, ಅದನ್ನೂ ಬರ್ಕೊಳ್ಳಿ" ಅಂದ. ಅದು ನನ್ನ ನಕ್ಷೆಯಲ್ಲೇ ಇರಲಿಲ್ಲ. ಈಗ ಪ್ರತಿ ಪ್ಯಾಕಿಂಗ್ ಟೇಬಲ್ ಕೆಳಗೂ ಒಂದು ಡಬ್ಬ ಟೇಪ್ ಇದೆ. ಮುಂದಿನ ವಾರ ಲೋಡಿಂಗ್ ಬಾಗಿಲಲ್ಲಿ ಲಾರಿಗಳು ಯಾಕೆ ಅಷ್ಟು ಹೊತ್ತು ನಿಲ್ಲುತ್ತವೆ ಅಂತ ನೋಡಬೇಕು. ಈ ಸಲ ಪೆನ್ಸಿಲ್ ಅವನ ಕೈಗೇ ಕೊಟ್ಟಿದ್ದೇನೆ.