ಮಳೆಯಲ್ಲಿ ನಿಂತು ಬೇರೆಯವರ ಕಾಲು ಎಣಿಸಿದರೆ ಏನು ಸಿಗುತ್ತೆ?

ಊರಿಂದ ಫೋನ್ ಬಂದರೂ ಇದೇ ಪ್ರಶ್ನೆ, ಇಲ್ಲಿ ಯುಗಾದಿ ಊಟಕ್ಕೆ ಸೇರಿದರೂ ಇದೇ ಪ್ರಶ್ನೆ: “ಭಾನುವಾರ ಇಡೀ ದಿನ ಮಳೇಲಿ ನಿಂತ್ಕೊಂಡು, ಬೇರೆಯೋರು ಎಷ್ಟು ಸಲ ಕಾಲು ಊರಿದ್ರು ಅಂತ ಲೆಕ್ಕ ಬರೀತೀಯಂತೆ. ಬೈಕ್ ಓಡ್ಸೋನಿಗೆ ಇದ್ಯಾಕೆ ಬೇಕು ಮಾರಾಯ?” ನಾನಿರುವುದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ. ಇಲ್ಲಿನ ಒಂದು ಸಣ್ಣ ಕ್ಲಬ್ಬಿನಲ್ಲಿ ಮೋಟಾರ್‌ಸೈಕಲ್ ಟ್ರಯಲ್ಸ್ ಓಡಿಸುತ್ತೇನೆ, ಸರದಿ ಬಂದಾಗ ಸ್ಪರ್ಧೆ ನಡೆಸುವವರ ಜೊತೆಗೂ ನಿಲ್ಲುತ್ತೇನೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಹೋಳಿಗೆ ಕಡೆ ಮಾತು ತಿರುಗಿಸುವ ಬದಲು ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಮೊದಲಿಗೆ, ಇದು ರೇಸ್ ಅಲ್ಲ. ಯಾರು ಬೇಗ ಬಂದರು ಅಂತ ಯಾರೂ ನೋಡುವುದಿಲ್ಲ. ಹಳ್ಳ, ಬಂಡೆ, ಮರದ ಬೇರು, ಕೆಸರು ಇರುವ ಕಡೆ 30–40 ಮೀಟರಿನ ಒಂದು ದಾರಿ ಗುರುತು ಮಾಡಿರುತ್ತಾರೆ. ಅದಕ್ಕೆ ಸೆಕ್ಷನ್ ಅನ್ನುತ್ತಾರೆ. ಹತ್ತು ಸೆಕ್ಷನ್ ಇಟ್ಟು ಮೂರೋ ನಾಲ್ಕೋ ಸುತ್ತು ಹಾಕಿಸುವುದು ನಮ್ಮಂಥ ಕ್ಲಬ್ಬುಗಳ ವಾಡಿಕೆ. ಕಾಲು ನೆಲಕ್ಕೆ ತಾಗಿಸದೆ ದಾಟಿದರೆ 0, ಒಮ್ಮೆ ಊರಿದರೆ 1, ಎರಡು ಸಲಕ್ಕೆ 2. ಮೂರು ಸಲ ಊರಿದರೂ 3, ಹದಿನೈದು ಸಲ ಊರಿದರೂ 3. ಬಿದ್ದರೆ, ಗುರುತು ದಾಟಿ ಆಚೆ ಹೋದರೆ, ಕಾಲೂರಿದ ಹೊತ್ತಿಗೆ ಎಂಜಿನ್ ಆಫ್ ಆದರೆ 5. ನಾವು ಪಾಲಿಸುವುದು ನಿಲ್ಲದೆ ಓಡಿಸುವ ನಿಯಮ, ಹಾಗಾಗಿ ಬೈಕ್ ನಿಂತುಬಿಟ್ಟರೂ 5. ಕೊನೆಗೆ ಯಾರ ಲೆಕ್ಕ ಕಡಿಮೆಯೋ ಅವರು ಗೆದ್ದಂತೆ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಿದವರಿಗೆ ಈ ಆಟ ಅರ್ಧ ಗೊತ್ತೇ ಇದೆ. “ಕಾಲು ತಾಗ್ತು”, “ಇಲ್ಲ ತಾಗಿಲ್ಲ” ಅನ್ನುವ ಜಗಳವೂ ಸೇರಿ.

4 ಇಲ್ಲ, ಗಮನಿಸಿ. ಇದರಲ್ಲೊಂದು ಉದಾರತೆ ಇದೆ. ಮೂರನೇ ಸಲ ಕಾಲು ಬಿದ್ದ ಮೇಲೆ ಇನ್ನೆಷ್ಟು ಸಲ ಬಿದ್ದರೂ ಲೆಕ್ಕಕ್ಕಿಲ್ಲ, ಹೇಗೋ ದೇಕಿಕೊಂಡು ಆಚೆ ತಲುಪಿದರೆ ಸಾಕು. ಹೊಸಬರು ನಾಚಿಕೆಪಟ್ಟು, ಕಾಲು ಮೇಲಿಟ್ಟುಕೊಂಡೇ ಚೆಂದವಾಗಿ ಹೋಗಬೇಕೆಂದು ಹೆಣಗಿ, ಬಿದ್ದು 5 ತೆಗೆದುಕೊಳ್ಳುತ್ತಾರೆ. ಹಳಬರು ಎರಡೂ ಕಾಲು ಬಿಟ್ಟು ಧಡಧಡ ಒದ್ದುಕೊಂಡು ಹೊರಬಿದ್ದು 3ಕ್ಕೆ ಮುಗಿಸುತ್ತಾರೆ.

ಬೈಕೂ ಬೇರೆ ಥರದ್ದು. 70 ಕೆ.ಜಿ. ಆಸುಪಾಸು ತೂಕ, ಕೂರಲು ಸೀಟೇ ಇಲ್ಲ, ಟ್ಯಾಂಕಿಗೆ ಎರಡು ಮೂರು ಲೀಟರ್ ಹಿಡಿದರೆ ಹೆಚ್ಚು. ಹಿಂದಿನ ಟೈರಿಗೆ 4–5 ಪಿಎಸ್‌ಐ ಗಾಳಿ. ಪಂಕ್ಚರ್ ಆಗಿದೆಯೇನೋ ಅನ್ನಿಸುವಷ್ಟು ಮೆತ್ತಗೆ. ಬಂಡೆಯ ಮೇಲೆ ಟೈರು ಚಪ್ಪಟೆಯಾಗಿ ಕೂತು ಹಿಡಿತ ಸಿಗಲಿ ಅಂತ.

ಇಷ್ಟು ಹೇಳಿದ ಕೂಡಲೇ ಹಾಸನದಲ್ಲಿರುವ ನಮ್ಮ ಭಾವ, “ಹಂಗಾದ್ರೆ ನನ್ ಬುಲೆಟ್ಟು ಇದಕ್ಕೆ ಬರಲ್ಲ ಬಿಡು” ಅಂತಾರೆ. ಆಗ ನನಗೆ ಹುರುಪು ಬರುತ್ತದೆ. ಬುಲೆಟ್ ಹುಟ್ಟಿದ್ದೇ ಈ ಕೆಸರಿನಲ್ಲಿ ಭಾವ! ಹಿಂಚಕ್ರಕ್ಕೆ ಸ್ವಿಂಗ್ ಆರ್ಮ್ ಸಸ್ಪೆನ್ಷನ್ (ಚಕ್ರ ಸ್ಪ್ರಿಂಗಿನ ಮೇಲೆ ಮೇಲೆ ಕೆಳಗೆ ಆಡುವ ವ್ಯವಸ್ಥೆ) ಇರುವ ಹೊಸ ಬುಲೆಟ್ಟನ್ನು ರಾಯಲ್ ಎನ್‌ಫೀಲ್ಡ್ ಮೊದಲು ಜನರ ಮುಂದೆ ತಂದಿದ್ದು 1948ರ ಕೋಲ್ಮೋರ್ ಟ್ರಯಲ್ಸ್ ಸ್ಪರ್ಧೆಯಲ್ಲಿ. ಟ್ರಯಲ್ಸ್ ಬೈಕಿಗೆ ಹಿಂದೆ ಸ್ಪ್ರಿಂಗ್ ಇದ್ದರೆ ಹಿಡಿತ ಹೋಗುತ್ತದೆ, ಗಟ್ಟಿ ಫ್ರೇಮೇ ಸರಿ ಅಂತ ಎಲ್ಲರೂ ನಂಬಿದ್ದ ಕಾಲ ಅದು. ಜಾನಿ ಬ್ರಿಟನ್ ಎನ್ನುವ ಸವಾರ ರಾಯಲ್ ಎನ್‌ಫೀಲ್ಡಿನ ಮೇಲೆಯೇ ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ಸನ್ನು 1952ರಲ್ಲೂ 1957ರಲ್ಲೂ ಗೆದ್ದ. ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾದ 1955 ಇವೆರಡರ ನಡುವೆ ಬರುತ್ತದೆ. ಆಮೇಲೆ 1965ರಲ್ಲಿ ಸ್ಯಾಮಿ ಮಿಲ್ಲರ್ ಎನ್ನುವ ಸವಾರ ಸ್ಪೇನಿನ ಹಗುರ ಬುಲ್ಟಾಕೊ ಬೈಕ್ ತಂದು ಅದೇ ಸ್ಪರ್ಧೆ ಗೆದ್ದ ಮೇಲೆ ಇಂಗ್ಲಿಷ್ ಭಾರದ ಬೈಕುಗಳ ಆಟ ಮುಗಿಯಿತು. 2019ರಲ್ಲಿ ನಮ್ಮಲ್ಲಿ ‘ಬುಲೆಟ್ ಟ್ರಯಲ್ಸ್’ ಅಂತ ಕೆಂಪು, ಹಸಿರು ಫ್ರೇಮಿನ ಬೈಕ್ ಬಿಟ್ಟಿದ್ದರಲ್ಲ, ಅದು ಈ ಹಳೆ ನೆನಪಿಗೆ. ಅದನ್ನು ಕೊಂಡವರಲ್ಲಿ ಎಷ್ಟು ಜನ ಹಳ್ಳಕ್ಕಿಳಿಸಿದರೋ, ದೇವರೇ ಬಲ್ಲ.

ಈಗ ಕಾಲು ಎಣಿಸುವ ವಿಷಯ. ಸೆಕ್ಷನ್ನಿಗೆ ಒಬ್ಬರಂತೆ ಅಬ್ಸರ್ವರ್ ನಿಂತಿರಬೇಕು. ಅವರಿಲ್ಲದಿದ್ದರೆ ಸ್ಪರ್ಧೆಯೇ ಇಲ್ಲ. ಸಂಬಳವಿಲ್ಲ, ಒಂದು ಸ್ಯಾಂಡ್‌ವಿಚ್, ಫ್ಲಾಸ್ಕಿನಲ್ಲಿ ಚಹಾ. ಪ್ರವೇಶ ಶುಲ್ಕ ಕೈಗೆಟುಕುವಂತೆ ಇರುವುದೇ ಇವರು ಪುಕ್ಕಟೆ ನಿಲ್ಲುವುದರಿಂದ. ಹಾಗಾಗಿ ಓಡಿಸುವವರೂ ಆಗಾಗ ನಿಲ್ಲಬೇಕು ಅನ್ನುವುದು ನ್ಯಾಯ. ಆದರೆ ನಾನು ನಿಲ್ಲುವುದಕ್ಕೆ ಸ್ವಾರ್ಥದ ಕಾರಣವೂ ಇದೆ: ಓಡಿಸಿ ಕಲಿತಿದ್ದಕ್ಕಿಂತ ನಿಂತು ಕಲಿತದ್ದೇ ನನಗೆ ಹೆಚ್ಚು.

ಓಡಿಸುವಾಗ ಒಂದು ಬಂಡೆ ಸುತ್ತಿಗೆ ಒಮ್ಮೆ ಸಿಗುತ್ತದೆ, ಅದೂ ಹೆದರಿಕೆಯಲ್ಲಿ. ನಿಂತವನಿಗೆ ಅದೇ ಬಂಡೆಯನ್ನು ಐವತ್ತು ಅರವತ್ತು ಜನ ಹತ್ತುವುದು ಕಾಣುತ್ತದೆ. ಒಂದು ಸಲ ನನ್ನ ಪಾಲಿಗೆ ಬಂದದ್ದು ಹಳ್ಳದೊಳಗಿನ ಮೊಣಕಾಲೆತ್ತರದ ಮೆಟ್ಟಿಲು ಬಂಡೆ. ಬಲಗಡೆ ಪಾಚಿ, ಎಡಗಡೆ ಒಣಗಿದ್ದರೂ ಹತ್ತಿದ ಕೂಡಲೇ ಗಕ್ಕನೆ ತಿರುವು. ಮೊದಲ ಸುತ್ತಿನಲ್ಲಿ ಎಲ್ಲರೂ ಎಡಕ್ಕೇ ಹೋದರು. ಮೂರನೇ ಸುತ್ತಿಗೆ ಎಡಗಡೆ ಕೆಸರು ಬಳಿದು ಜಾರುತ್ತಿತ್ತು, ಬಲಗಡೆಯ ಪಾಚಿ ಯಾರೋ ಒಬ್ಬಿಬ್ಬರ ಟೈರಿಗೆ ಸವೆದು ಕಲ್ಲು ಕಾಣುತ್ತಿತ್ತು. ಸೆಕ್ಷನ್ ಶುರುವಾಗುವ ಮೊದಲೇ ಬೈಕ್ ನಿಲ್ಲಿಸಿ ಇಳಿದು, ನಡೆದು ನೋಡಿದವರು ಬಲಕ್ಕೆ ಹೋಗಿ 0 ತೆಗೆದರು. ಇಳಿಯಲು ಸೋಮಾರಿತನ ಮಾಡಿದವರಿಗೆ ಸಾಲಾಗಿ 5.

ಶಬ್ದದಲ್ಲೂ ಗೊತ್ತಾಗುತ್ತದೆ. ಬಂಡೆ ಹತ್ತಿರ ಬಂದಾಗ ಆಕ್ಸಿಲರೇಟರ್ ಬಿಟ್ಟು, ಮುಂಚಕ್ರ ತಾಗಿದ ಮೇಲೆ ಗಾಬರಿಯಲ್ಲಿ ಒಮ್ಮೆಲೇ ತಿರುಗಿಸಿದರೆ ಹಿಂಚಕ್ರ ನಿಂತಲ್ಲೇ ಗಿರ್ರೆನ್ನುತ್ತದೆ. ನಾನು ಆಗಲೇ ಬರೆಯಲು ತಯಾರಾಗಿರುತ್ತೇನೆ. ಆ ದಿನವೇ ಎಪ್ಪತ್ತು ದಾಟಿದ ಹಿರಿಯರೊಬ್ಬರು ಹಳೇ ಬೈಕಿನಲ್ಲಿ ಒಂದೇ ಸದ್ದಿನಲ್ಲಿ, ಕ್ಲಚ್ ಮೇಲೆ ಒಂದೇ ಬೆರಳಿಟ್ಟು, ಪುಟಪುಟ ಅಂತ ಹತ್ತಿ ಹೋದರು. ಅವರ ಕಣ್ಣು ಬಂಡೆಯ ಮೇಲೆ ಇರಲೇ ಇಲ್ಲ, ಅದರಾಚೆಯ ತಿರುವಿನ ಮೇಲಿತ್ತು. ಹಿಂದೆಯೇ ಬಂದ ಹೊಸ ಬೈಕಿನ ಹುಡುಗ ಬಂಡೆಯನ್ನೇ ದಿಟ್ಟಿಸಿ ನೋಡಿ ಬಂಡೆಗೇ ಗುದ್ದಿದ.

ಬೂಟು ಸವರಿತೋ ಊರಿತೋ ಅಂತ ತಿಳಿಯದ ಗಳಿಗೆಗಳೂ ಬರುತ್ತವೆ. ಅನುಮಾನವಿದ್ದರೆ ಸವಾರನ ಪರ, ಆದರೆ ಒಮ್ಮೆ ಬೆರಳೆತ್ತಿ ಅಂಕ ತೋರಿಸಿದ ಮೇಲೆ ಬದಲಾಯಿಸಬೇಡ ಅಂತ ಹಳಬರು ಹೇಳಿಕೊಟ್ಟಿದ್ದಾರೆ. ಗೆಳೆಯನಿಗೊಂದು ಲೆಕ್ಕ, ಗುರುತಿಲ್ಲದವನಿಗೊಂದು ಲೆಕ್ಕ ಆದರೆ ಮುಂದಿನ ತಿಂಗಳು ಯಾರೂ ಬರುವುದಿಲ್ಲ.

ಸೆಕ್ಷನ್ ಕಟ್ಟುವುದು ಹಿಂದಿನ ದಿನದ ಕೆಲಸ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ ಗುರುತು. ಒಂದೇ ಹಳ್ಳದಲ್ಲಿ ನುರಿತವರಿಗೊಂದು ದಾರಿ, ಹೊಸಬರಿಗೊಂದು. ಸುಲಭವಾದರೆ ಎಲ್ಲರೂ 0 ತೆಗೆದು ಕೂರುತ್ತಾರೆ, ಕಷ್ಟವಾದರೆ ಎಲ್ಲರಿಗೂ 5 ಬಿದ್ದು ಹಿಂದೆ ಉದ್ದ ಕ್ಯೂ. ರಾತ್ರಿ ಮಳೆ ಬಂತೋ, ಹಿಂದಿನ ದಿನದ ಲೆಕ್ಕಾಚಾರವೆಲ್ಲ ತಲೆಕೆಳಗು. ಬೀಳುವವನು ಎಲ್ಲಿ ಬೀಳುತ್ತಾನೆ ಅಂತ ಮೊದಲೇ ನೋಡಿ, ಅಲ್ಲಿ ಚೂಪು ಕಲ್ಲಿದ್ದರೆ ತೆಗೆಯಬೇಕು. ಇಲ್ಲಿನ ಮೋಟಾರ್‌ಸೈಕಲ್ ಕ್ರೀಡೆ ನೋಡಿಕೊಳ್ಳುವ ಎಸಿಯು ಎಂಬ ಸಂಸ್ಥೆಯ ಪರವಾನಗಿ, ವಿಮೆ, ಪ್ರಥಮ ಚಿಕಿತ್ಸೆ ಇವೆಲ್ಲ ಕಾಗದದ ಕೆಲಸ, ಬೇಸರವಾದರೂ ಆಗಿಬಿಡುತ್ತದೆ. ನಿಜವಾದ ತಲೆನೋವು ಜಮೀನು. ಜಾಗ ರೈತರದ್ದು, ಅವರ ಮನಸ್ಸು ಗೆಲ್ಲಬೇಕು. ಕುರಿ ಮರಿಹಾಕುವ ವಸಂತದಲ್ಲಿ ಆ ಕಡೆ ಸುಳಿಯುವಂತಿಲ್ಲ. ಯಾರೋ ಒಬ್ಬರು ಗೇಟು ಹಾಕದೆ ಬಂದು, ಕುರಿಗಳು ಪಕ್ಕದವರ ಹಿಂಡಿಗೆ ಸೇರಿಕೊಂಡು, ನಮಗೆ ಒಳ್ಳೆಯ ಜಾಗವೊಂದು ಕೈತಪ್ಪಿದ್ದೂ ಇದೆ.

“ಇದನ್ನ ನಮ್ಮ ಕಡೆ ಮಾಡೋಕಾಗುತ್ತಾ?” ಇದು ಎರಡನೇ ಪ್ರಶ್ನೆ. ಯಾಕಾಗಬಾರದು? ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಜೀಪುಗಳನ್ನು ಕೆಸರಿಗಿಳಿಸಿ ಸ್ಪರ್ಧೆ ನಡೆಸುತ್ತಾರಲ್ಲ, ಅದರ ಕಾಲು ಭಾಗ ಜಾಗ ಸಾಕು. ಹೊರದೇಶದ ಟ್ರಯಲ್ಸ್ ಬೈಕ್ ತರಿಸುವುದು ದುಬಾರಿ, ಅದರ ಆಸೆ ಬಿಡಿ. ಮನೆಯ ಹಳೇ 100 ಸಿಸಿ ಬೈಕಿನ ಟೈರಿನ ಗಾಳಿ ಸ್ವಲ್ಪ ಇಳಿಸಿ, ಸ್ವಂತ ತೋಟದಲ್ಲೋ ಪರಿಚಯದವರ ಜಾಗದಲ್ಲೋ ನಾಲ್ಕು ಗೂಟ ನೆಟ್ಟು ತಿರುವು ಹಾಕಿಕೊಳ್ಳಿ. ಹೆಲ್ಮೆಟ್, ಗಟ್ಟಿ ಬೂಟು ಬೇಕೇ ಬೇಕು. ಮೊದಲ ದಿನ ಬಂಡೆ ಬೇಡ, ಇಳಿಜಾರಿನಲ್ಲಿ ಫುಟ್‌ರೆಸ್ಟ್ ಮೇಲೆ ನಿಂತುಕೊಂಡು ಮೊದಲ ಗೇರಿನಲ್ಲಿ ಎಂಟಂಕಿ ಹಾಕಿ. ಕಾಲೂರದೆ ಬಂದರೆ ನನಗೆ ಫೋನ್ ಮಾಡಿ.

ಇಲ್ಲಿಗೇ ಬಂದು ನೋಡುವವರಿಗೆ ಒಂದು ಮಾತು. ಮೊಣಕಾಲುದ್ದದ ಗಮ್‌ಬೂಟ್ ಹಾಕಿಕೊಂಡು ಬನ್ನಿ. ಸುಮ್ಮನೆ ನಿಂತವರು ಕಂಡರೆ ನಮ್ಮವರು ಅಂಕಪಟ್ಟಿಯ ಹಲಗೆ ಕೈಗಿಟ್ಟು ಹೋಗಿಬಿಡುತ್ತಾರೆ, ಜೇಬಿನಲ್ಲೊಂದು ಪೆನ್ಸಿಲ್ ಇರಲಿ. ಒದ್ದೆ ಕಾಗದದ ಮೇಲೆ ಪೆನ್ನು ಬರೆಯುವುದಿಲ್ಲ.